ಗೀಜಗದ ಅರ್ಧ ಗೂಡಲ್ಲಿ ಹೆಣ್ಣು ಹಕ್ಕಿ ಏನು ನೋಡುತ್ತದೆ?

ಖಾಡಿ ದಂಡೆ, ಡೊಂಬಿವಲಿ
ಜುಲೈ 6

ಎಲ್ಲರಿಗೂ ನಮಸ್ಕಾರ. ಡೊಂಬಿವಲಿ ಪಶ್ಚಿಮದಲ್ಲಿ ಖಾಡಿ, ಅಂದರೆ ಕಡಲ ಹಿನ್ನೀರಿನ ಕಡೆ ಹೋಗುವ ದಾರಿಯಲ್ಲಿ ಐದು ಈಚಲ ಮರಗಳಿವೆ. ಇಲ್ಲಿನವರು ಶಿಂದಿ ಅಂತಾರೆ. ಆರಿದ್ರಾ ಮಳೆ ಹಿಡಿದ ದಿನದಿಂದ ಅಲ್ಲಿ ಗೀಜಗಗಳದ್ದೇ ಗಲಾಟೆ. ಬೆಳಿಗ್ಗೆ ಆರೂವರೆಗೆ ಕೊಡೆ ಹಿಡಿದು ಹೋಗಿ ಮುಕ್ಕಾಲು ಗಂಟೆ ನಿಲ್ಲುತ್ತೇನೆ. ಆಮೇಲೆ ಸ್ಟೇಷನ್ನಿಗೆ ಓಟ.

ಎರಡು ವಾರದಿಂದ ನೋಡುತ್ತಿದ್ದೇನೆ. ಹನ್ನೊಂದು ಗೂಡುಗಳಿವೆ, ಒಂದೂ ಪೂರ್ತಿಯಾಗಿಲ್ಲ. ಎಲ್ಲವೂ ತಲೆಕೆಳಗಾದ ಬುಟ್ಟಿಯ ಹಾಗಿವೆ. ಕೆಳಗೆ ಅಡ್ಡಕ್ಕೆ ಒಂದು ಹುಲ್ಲಿನ ಪಟ್ಟಿ. ಗಂಡುಗಳ ನೆತ್ತಿ ಈಗ ಅರಿಶಿನ ಬಳಿದಂತಿದೆ. ಹೆಣ್ಣುಗಳು ಗುಂಪಾಗಿ ಬಂದ ಕೂಡಲೇ ಹನ್ನೊಂದೂ ಕಡೆ ಒಂದೇ ಸಲ ಗದ್ದಲ. ಪ್ರತಿ ಗಂಡೂ ತನ್ನ ಗೂಡಿಗೆ ಜೋತುಬಿದ್ದು ರೆಕ್ಕೆ ಬಡಿಯುತ್ತದೆ, ಕೂಗುತ್ತದೆ, ಮೈಯೆಲ್ಲ ನಡುಗಿಸುತ್ತದೆ.

ನಿನ್ನೆ ಒಂದು ಹೆಣ್ಣು ಮೂರನೇ ಮರದ ತುದಿಯ ಗೂಡಿಗೆ ಬಂತು. ಆ ಪಟ್ಟಿಯ ಮೇಲೆ ಕೂತಿತು. ತಲೆ ಒಳಗೆ ಹಾಕಿತು. ಒಂದು ಎಳೆಯನ್ನು ಕೊಕ್ಕಿನಲ್ಲಿ ಹಿಡಿದು ಜಗ್ಗಿತು. ಅರ್ಧ ನಿಮಿಷ ಇದ್ದಿರಬಹುದು, ಹಾರಿ ಹೋಯಿತು. ಗಂಡು ಸ್ವಲ್ಪ ಹೊತ್ತು ಹಾಗೇ ಜೋತಾಡುತ್ತಿತ್ತು. ಆಮೇಲೆ ಮತ್ತೆ ಹುಲ್ಲು ತರಲು ಹೊರಟಿತು. ಅದೇ ಗೂಡನ್ನು ನನ್ನ ಕಣ್ಣೆದುರೇ ನಾಲ್ಕು ಸಲ ಹೆಣ್ಣುಗಳು ಬೇಡ ಅಂದಿವೆ.

ಹಕ್ಕಿಗಳ ಕುಣಿತದ ಬಗ್ಗೆ ಎಲ್ಲರೂ ಬರೆಯುತ್ತಾರೆ, ವಿಡಿಯೋ ಹಾಕುತ್ತಾರೆ. ಎಲ್ಲದರಲ್ಲೂ ಗಂಡಿನ ಮೇಲೇ ಕಣ್ಣು. ಕುಣಿತ ನೋಡಲು ಬಂದ ಹೆಣ್ಣು ಏನನ್ನು ನೋಡುತ್ತಿದೆ ಅಂತ ಯಾರಾದರೂ ಗಮನಿಸಿದ್ದೀರಾ? ಯಾವ ಹಕ್ಕಿಯಾದರೂ ಸರಿ, ನೀವು ಕಂಡಿದ್ದನ್ನು ಬರೆಯಿರಿ.

ಮುಲುಂಡ್ ಕುಂದಾಪುರ
ಜುಲೈ 6

ಅಕ್ಕ, ಓದಿ ಖುಷಿಯಾಯಿತು. ಒಂದು ಮಾತು. ಮರಾಠಿಯಲ್ಲಿ ಗೀಜಗಕ್ಕೆ ಸುಗರಣ ಅಂತಾರೆ. ಅಚ್ಚುಕಟ್ಟಾಗಿ ಅಡುಗೆ, ಮನೆಗೆಲಸ ಮಾಡುವ ಹೆಂಗಸಿಗೂ ಅದೇ ಮಾತು. ಆದರೆ ಗೂಡು ಕಟ್ಟುವುದು ಗಂಡು! ನನ್ನ ಪಕ್ಕದ ಮನೆಯ ಮಾವಶಿಗೆ ಇದನ್ನು ಹೇಳಿದಾಗ ಅವರು ನಂಬಲೇ ಇಲ್ಲ. ಭಾಂಡುಪ್ ಪಂಪಿಂಗ್ ಸ್ಟೇಷನ್ ಹತ್ತಿರ ಕರೆದುಕೊಂಡು ಹೋಗಿ ತೋರಿಸಿದೆ. ಹಳದಿ ನೆತ್ತಿಯದು ಹುಲ್ಲು ಹೊರುತ್ತಿತ್ತು, ಗುಬ್ಬಿಯಂತೆ ಕಂದಾಗಿದ್ದದ್ದು ಸುಮ್ನೆ ಕೂತು ನೋಡುತ್ತಿತ್ತು. ಆಮೇಲೆ ನಂಬಿದರು.

ಕೋಥ್ರೂಡ್ ಮೇಷ್ಟ್ರು, ಪುಣೆ
ಜುಲೈ 6

ಮೇಡಂ, ನಾನು ಮೂವತ್ತು ವರ್ಷ ಜೀವಶಾಸ್ತ್ರ ಪಾಠ ಮಾಡಿದವನು. ನೀವು ಕೇಳಿದ ಪ್ರಶ್ನೆಗೆ ಉತ್ತರ ಹುಡುಕಿದ್ದು ನಿಮ್ಮ ಸೀಮೆಯಲ್ಲೇ, ಅಲಿಬಾಗ್ ಹತ್ತಿರದ ಕಿಹಿಮ್‌ನಲ್ಲಿ. ಪಕ್ಷಿತಜ್ಞ ಸಲೀಂ ಅಲಿ ಅವರಿಗೆ ಆಗ ಕೆಲಸ ಇರಲಿಲ್ಲ. ಕಿಹಿಮ್‌ನ ಮನೆಯ ಹತ್ತಿರ ಗೀಜಗಗಳ ಗೂಡುಗಳಿದ್ದವು. ಮಳೆಗಾಲದಲ್ಲಿ ಅವನ್ನೇ ದಿನವೂ ನೋಡುತ್ತಾ ಕೂತರು. ಆ ಬರಹ 1931ರಲ್ಲಿ ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬಂತು.

ಅವರು ಕಂಡದ್ದು ನೀವು ಕಂಡದ್ದೇ. ಗಂಡು ಗೂಡನ್ನು ಅರ್ಧಕ್ಕೆ ನಿಲ್ಲಿಸುತ್ತದೆ. ಈ ಹಂತಕ್ಕೆ ಹೆಲ್ಮೆಟ್ ಅಂತಲೇ ಹೆಸರು. ನೀವು ಹೇಳಿದ ಅಡ್ಡಪಟ್ಟಿ ಹೆಲ್ಮೆಟ್ಟಿನ ಗದ್ದಪಟ್ಟಿ ಇದ್ದ ಹಾಗೆ. ಇಲ್ಲಿಗೆ ಬರಲು ಸುಮಾರು ಎಂಟು ದಿನ ಬೇಕು. ಪೂರ್ತಿ ಗೂಡಿಗೆ ಸುಮಾರು 18 ದಿನ. ಒಂದು ಗೂಡಿಗೆ 500 ಸಲದವರೆಗೂ ಹೋಗಿ ಬಂದು ಎಳೆ ತರಬೇಕಾಗುತ್ತದೆ. ಅಷ್ಟು ದುಡಿದ ಮೇಲೆ ಹೆಣ್ಣು ಬೇಡ ಅಂದರೆ ಎಲ್ಲವೂ ದಂಡ. ಅದಕ್ಕೇ ಅರ್ಧ ಕಟ್ಟಿ ತೋರಿಸುವುದು. ಹೆಣ್ಣು ಒಪ್ಪಿದರೆ ಮಾತ್ರ ಮೊಟ್ಟೆ ಇಡುವ ಕೋಣೆ ಮುಗಿಸಿ, ಕೆಳಗೆ ಉದ್ದದ ಕೊಳವೆ ಇಳಿಸುತ್ತದೆ. ಹಾಗಾಗಿ ಕೊಳವೆ ಕಂಡರೆ ಮದುವೆ ಗಟ್ಟಿ ಅಂತ ತಿಳಿಯಿರಿ. ಆಮೇಲೆ ಅದೇ ಗಂಡು ಪಕ್ಕದಲ್ಲಿ ಇನ್ನೊಂದು ಗೂಡು ಶುರು ಮಾಡಿ ಇನ್ನೊಂದು ಹೆಣ್ಣನ್ನು ಕರೆಯುತ್ತದೆ. ಮರಿಗಳ ಭಾರ ಬಹುತೇಕ ಹೆಣ್ಣಿನ ಮೇಲೇ.

ಏನು ನೋಡುತ್ತದೆ ಅಂತ ಕೇಳಿದಿರಿ. ನೇಯ್ಗೆಗಿಂತ ಜಾಗಕ್ಕೆ ಬೆಲೆ ಜಾಸ್ತಿ ಅಂತ ಆಮೇಲಿನ ಅಧ್ಯಯನವೊಂದು ತೋರಿಸಿದೆ. ಮುಳ್ಳಿನ ಮರವೇ? ಕೆಳಗೆ ನೀರಿದೆಯೇ? ಕೊಂಬೆಯ ತುದಿಗೆ ಹಾವು ಬರಲು ಕಷ್ಟವೇ? ಒಂದು ಸಣ್ಣ ಕೆಲಸ ಕೊಡುತ್ತೇನೆ. ನಿಮ್ಮ ಐದು ಮರಗಳಲ್ಲಿ ಗೂಡುಗಳು ಯಾವ ದಿಕ್ಕಿಗಿವೆ, ನೋಡಿ ಹೇಳಿ.

ವಾಸ್ಕೋ ಬಾಗಲಕೋಟಿ, ಗೋವಾ
ಜುಲೈ 7

ನಮ್ಮ ಊರ ಬಾವಿಯ ಮೇಲೆ ಬಾಗಿದ ಜಾಲಿ ಗಿಡದಾಗ ಇಪ್ಪತ್ತು ಇಪ್ಪತ್ತೈದು ಗೂಡು ಇರುತ್ತಿದ್ದವು. ಈಜಲು ಇಳಿದಾಗ ತಲೆ ಮೇಲೆ ತೂಗಾಡುತ್ತಿದ್ದವು. ಗೀಜಗ ಗೂಡಿನೊಳಗೆ ಹಸಿ ಮಣ್ಣು ಮೆತ್ತಿ, ಅದಕ್ಕೆ ಮಿಂಚುಹುಳ ಅಂಟಿಸಿ ದೀಪ ಮಾಡಿಕೊಳ್ಳುತ್ತದೆ ಅಂತ ನಮ್ಮ ಆಯಿ ಹೇಳುತ್ತಿದ್ದಳು. ನಾವು ಹುಡುಗರು ಬಿದ್ದ ಗೂಡು ಹರಿದು ನೋಡಿದ್ದೇವೆ. ಮಣ್ಣಿನ ಉಂಡೆ ಸಿಕ್ಕಿತ್ತು, ಹುಳ ಸಿಗಲಿಲ್ಲ. ಮೇಷ್ಟ್ರೇ, ಇದು ಖರೇನೋ ಸುಳ್ಳೋ? ಮತ್ತೆ ಅಕ್ಕಾರ, ಆ ಈಚಲ ಮರ ನಿಖರವಾಗಿ ಎಲ್ಲಿವೆ? ಮುಂದಿನ ವಾರ ಡೊಂಬಿವಲಿಗೆ ತಂಗಿ ಮನೆಗೆ ಬರುವವನಿದ್ದೇನೆ.

ಕೋಥ್ರೂಡ್ ಮೇಷ್ಟ್ರು, ಪುಣೆ
ಜುಲೈ 7

ಮಣ್ಣು ಇರುವುದು ನಿಜ, ಗೂಡಿನ ಒಳಗೋಡೆಗೆ ಮೆತ್ತಿರುತ್ತದೆ. ಮಿಂಚುಹುಳದ ದೀಪ ಕಥೆ. ನಿಮ್ಮ ಆಯಿ ಹೇಳಿದ ಕಥೆಯನ್ನು ಭಾರತದ ಎಷ್ಟೋ ಕಡೆ ಅಜ್ಜಿಯರು ಹೇಳುತ್ತಾರೆ. ಮಣ್ಣು ಕಂಡವರೇ ಅದನ್ನು ಕಟ್ಟಿರಬೇಕು.

ಖಾಡಿ ದಂಡೆ, ಡೊಂಬಿವಲಿ
ಜುಲೈ 8

ಮೇಷ್ಟ್ರೇ, ಇವತ್ತು ಮೊಬೈಲಿನ ದಿಕ್ಸೂಚಿ ಇಟ್ಟು ನೋಡಿದೆ. ಹನ್ನೊಂದರಲ್ಲಿ ಒಂಬತ್ತು ಮರದ ಪೂರ್ವದ ಬದಿಗಿವೆ. ನಮ್ಮ ಮಳೆ ಬೀಸುವುದು ನೈಋತ್ಯದಿಂದ. ಅಂದರೆ ಮರವನ್ನೇ ಗೋಡೆ ಮಾಡಿಕೊಂಡಿವೆ, ಅಲ್ವಾ? ನಾಲ್ಕು ಸಲ ಬೇಡ ಅನ್ನಿಸಿಕೊಂಡ ಆ ಗೂಡು ಪಶ್ಚಿಮಕ್ಕಿರುವ ಎರಡರಲ್ಲಿ ಒಂದು! ಗಾಳಿ ಬಂದಾಗ ಅದು ಗಿರಗಿರ ತಿರುಗುತ್ತದೆ. ಇಷ್ಟು ದಿನ ನೋಡಿದ್ದರೂ ನನಗೆ ಇದು ಹೊಳೆದಿರಲಿಲ್ಲ.

ವಾಸ್ಕೋದ ತಮ್ಮ, ಜಾಗ ಇಲ್ಲಿ ಬರೆಯುವುದಿಲ್ಲ, ಬೇಜಾರಾಗಬೇಡಿ. ಬಂದಾಗ ಮೆಸೇಜ್ ಮಾಡಿ, ನಾನೇ ಕರೆದುಕೊಂಡು ಹೋಗುತ್ತೇನೆ. ಕಳೆದ ವರ್ಷ ಯಾರೋ ಹಸಿರು ಗೂಡುಗಳನ್ನೇ ಕೊಯ್ದು ರಸ್ತೆ ಬದಿ ಮಾರುತ್ತಿದ್ದರು, ಹಾಲ್‌ನಲ್ಲಿ ತೂಗುಹಾಕಲು. ಅದರಲ್ಲಿ ಒಂದಕ್ಕೆ ಕೊಳವೆ ಬಂದಿತ್ತು. ಒಳಗೆ ಮೊಟ್ಟೆ ಇತ್ತೋ ಏನೋ ಅಂತ ಎಷ್ಟೋ ದಿನ ಮನಸ್ಸಿಗೆ ಸಮಾಧಾನ ಇರಲಿಲ್ಲ.

ಮಾಟುಂಗಾ ಅಡುಗೆಮನೆ
ಜುಲೈ 9

ನಾನು ಕಾಡಿಗೆ ಹೋದವಳಲ್ಲ, ಕ್ಯಾಮೆರಾ ಇಲ್ಲ. ನಮ್ಮ ಅಡುಗೆಮನೆ ಕಿಟಕಿಯ ಛಜ್ಜಾ ಮೇಲೆ ಪಾರಿವಾಳ ಬರುತ್ತವೆ. ಬರೆಯಲೋ ಬೇಡವೋ ಅಂದುಕೊಂಡೆ. ಆದರೆ ಖಾಡಿ ದಂಡೆ ಅಕ್ಕನ ಪ್ರಶ್ನೆ ಓದಿದ ಮೇಲೆ ಮೂರು ದಿನದಿಂದ ಹೆಣ್ಣು ಪಾರಿವಾಳವನ್ನೇ ನೋಡುತ್ತಿದ್ದೇನೆ.

ಗಂಡು ಕುತ್ತಿಗೆ ಉಬ್ಬಿಸುತ್ತದೆ. ಬಿಸಿಲು ಬಿದ್ದರೆ ಅಲ್ಲಿ ಹಸಿರು, ನೇರಳೆ ಹೊಳೆಯುತ್ತದೆ. ತಲೆ ಬಗ್ಗಿಸಿ, ಗುಟುರು ಹಾಕುತ್ತಾ, ಬಾಲ ಅಗಲ ಮಾಡಿ ನೆಲಕ್ಕೆ ಉಜ್ಜುತ್ತಾ ಸುತ್ತು ಬರುತ್ತದೆ. ಇಷ್ಟು ನಾನು ಇಪ್ಪತ್ತು ವರ್ಷದಿಂದ ನೋಡಿದ್ದೆ. ಹೆಣ್ಣು ಹತ್ತರಲ್ಲಿ ಎಂಟು ಸಲ ಸುಮ್ನೆ ನಡೆದು ಹೋಗುತ್ತದೆ ಅನ್ನುವುದು ಈಗ ಕಂಡಿತು. ಛಜ್ಜಾದ ತುದಿವರೆಗೆ ನಡೆದು, ಗಂಡು ಅಡ್ಡ ಬಂದರೆ ತಿರುಗಿ ಈ ತುದಿಗೆ ಬರುತ್ತದೆ. ನಿನ್ನೆ ಮಧ್ಯಾಹ್ನ ಒಂದು ಹೆಣ್ಣು ನಿಂತಿತು. ಗಂಡಿನ ತಲೆಯ ಗರಿ ಸವರಿತು. ಆಮೇಲೆ ತನ್ನ ಕೊಕ್ಕನ್ನು ಗಂಡಿನ ಕೊಕ್ಕಿನೊಳಗೆ ಇಟ್ಟಿತು, ಮರಿ ಗುಟುಕು ಕೇಳುವ ಹಾಗೆ. ಎಲ್ಲ ಮುಗಿದ ಮೇಲೆ ಗಂಡು ರೆಕ್ಕೆಯನ್ನು ಚಪ್ಪಾಳೆಯ ಹಾಗೆ ಪಟಪಟ ಬಡಿದು ಎದುರಿನ ಬಿಲ್ಡಿಂಗ್ ಕಡೆ ಹಾರಿತು.

ನನಗೆ ಪಾರಿವಾಳ ಅಂದರೆ ಬರೀ ಹಿಕ್ಕೆ, ಬರೀ ಕೆಲಸ. ನಿನ್ನೆ ಮಾತ್ರ ಕುಕ್ಕರ್ ಎಷ್ಟು ಸಲ ಕೂಗಿತು ಅನ್ನುವ ಲೆಕ್ಕವೇ ತಪ್ಪಿತು.

ಕೋಥ್ರೂಡ್ ಮೇಷ್ಟ್ರು, ಪುಣೆ
ಜುಲೈ 9

ಮಾಟುಂಗಾ ತಾಯಿ, ಬಹಳ ಚೆನ್ನಾಗಿ ನೋಡಿದ್ದೀರಿ. ನೀವು ಕಂಡ ಆ ಕೊಕ್ಕಿಗೆ ಕೊಕ್ಕು ಇಡುವುದರಲ್ಲಿ ಅರ್ಥವಿದೆ. ಪಾರಿವಾಳದಲ್ಲಿ ಗಂಡೂ ಕಾವು ಕೂರುತ್ತದೆ, ಹಗಲಿನ ಹೊತ್ತು ಹೆಚ್ಚಾಗಿ ಅದರದೇ ಸರದಿ. ಗಂಡಿನ ಗಂಟಲಚೀಲದಲ್ಲೂ ಮರಿಗೆ ಹಾಲಿನಂಥ ಆಹಾರ ತಯಾರಾಗುತ್ತದೆ. ಗೀಜಗದಲ್ಲಿ ಹೆಣ್ಣು ಮನೆಯನ್ನು ಪರೀಕ್ಷೆ ಮಾಡುತ್ತದೆ, ಇಲ್ಲಿ ಜೊತೆಗಾರನನ್ನು.

ಹಡಪ್ಸರ್ ನವಿಲುಗರಿ, ಪುಣೆ
ಜುಲೈ 10

ನವಿಲಿನ ಬಗ್ಗೆ ಯಾರೂ ಬರೆದಿಲ್ಲವಲ್ಲ! ಶಿರೂರು ತಾಲ್ಲೂಕಿನ ಮೋರಾಚಿ ಚಿಂಚೋಳಿಗೆ ಪ್ರತಿ ಮಳೆಗಾಲ ಹೋಗುತ್ತೇನೆ. ನವಿಲುಗಳು ಹುಣಸೆ ಮರಗಳ ಕೆಳಗೆ, ಹೊಲದ ಬದುವಿನಲ್ಲಿ ಮನೆಯ ಕೋಳಿಗಳ ಹಾಗೆ ಓಡಾಡುತ್ತವೆ.

ಮೊದಲಿಗೆ ಒಂದು ವಿಷಯ. ನಾವು ಬಾಲ ಅನ್ನುವುದು ಬಾಲವಲ್ಲ. ಅದು ಬೆನ್ನ ಕೆಳಭಾಗದಿಂದ ಬೆಳೆದ ಉದ್ದ ಗರಿಗಳು, ಸುಮಾರು ನೂರೈವತ್ತು. ನಿಜವಾದ ಬಾಲ ಚಿಕ್ಕದು, ಕಂದು ಬಣ್ಣದ್ದು. ಹಿಂದಿನಿಂದ ಆ ಗರಿಗಳಿಗೆ ಊರುಗೋಲಿನ ಹಾಗೆ ನಿಲ್ಲುತ್ತದೆ. ಮಳೆಗಾಲ ಮುಗಿಯುತ್ತಿದ್ದಂತೆ ಉದ್ದ ಗರಿಗಳೆಲ್ಲ ಉದುರಿ ಹೋಗುತ್ತವೆ, ಮುಂದಿನ ವರ್ಷಕ್ಕೆ ಹೊಸತು. ಮೋಡ ಕಂಡು ಸಂತೋಷಕ್ಕೆ ಕುಣಿಯುತ್ತದೆ ಅಂತ ನಮ್ಮಮ್ಮ ಹೇಳುತ್ತಿದ್ದರು. ಮಳೆಗಾಲವೇ ಅವುಗಳ ಮರಿ ಮಾಡುವ ಕಾಲ, ಹಾಗಾಗಿ ಮೋಡವೂ ಕುಣಿತವೂ ಒಟ್ಟಿಗೆ ಕಾಣುತ್ತವೆ.

ಈಗ ಹೆಣ್ಣಿನ ವಿಷಯ. ಹೆಣ್ಣು ನವಿಲು ನೋಡುವುದೇ ಇಲ್ಲ ಅನ್ನಿಸುತ್ತದೆ, ಕಾಳು ಹೆಕ್ಕುತ್ತಾ ಹೋಗುತ್ತದೆ. ಇದನ್ನು ಅಳೆದು ನೋಡಿದವರಿದ್ದಾರೆ. ಅಮೆರಿಕದ ಸಂಶೋಧಕಿ ಜೆಸಿಕಾ ಯೋರ್ಜಿನ್ಸ್ಕಿ ಮತ್ತು ಜೊತೆಗಾರರು ಹೆಣ್ಣು ನವಿಲಿನ ತಲೆಗೆ ಪುಟ್ಟ ಕ್ಯಾಮೆರಾ ಕಟ್ಟಿ, ಕಣ್ಣು ಎತ್ತ ತಿರುಗುತ್ತದೆ ಅಂತ ದಾಖಲಿಸಿ 2013ರಲ್ಲಿ ಪ್ರಕಟಿಸಿದರು. ಎದುರಿಗೆ ಗಂಡು ಗರಿ ಬಿಚ್ಚಿ ನಿಂತಿದ್ದಾಗಲೂ ಹೆಣ್ಣು ಅದನ್ನು ನೋಡಿದ್ದು ಮೂರನೇ ಒಂದು ಪಾಲಿಗಿಂತ ಕಡಿಮೆ ಹೊತ್ತು. ನೋಡಿದಾಗಲೂ ಮುಖವನ್ನಲ್ಲ, ತುರಾಯಿಯನ್ನಲ್ಲ. ಗರಿಗಳ ಕೆಳ ಅಂಚನ್ನು. ನಾವು ಫೋಟೋದಲ್ಲಿ ಕತ್ತರಿಸಿ ಬಿಡುವ ಭಾಗ ಅದು!

ಇನ್ನೊಂದು. ಗಂಡು ಗರಿಗಳನ್ನು ಸೆಕೆಂಡಿಗೆ ಸುಮಾರು 25 ಸಲ ಅಲುಗಿಸುತ್ತದೆ. ಮಳೆ ಎಲೆ ಮೇಲೆ ಬಿದ್ದ ಹಾಗೆ ಸರಸರ ಸದ್ದು. ಗರಿಗಳೆಲ್ಲ ನಡುಗುತ್ತಿದ್ದರೂ ಕಣ್ಣಿನ ಗುರುತುಗಳು ಮಾತ್ರ ಒಂದೇ ಕಡೆ ನಿಂತಂತೆ ಕಾಣುತ್ತವೆ. ಹತ್ತಿರದಿಂದ ಒಮ್ಮೆ ಕಂಡರೆ ಮರೆಯಲು ಆಗುವುದಿಲ್ಲ.

ಕಲ್ಯಾಣ್ ಕಲಬುರಗಿ
ಜುಲೈ 10

ನವಿಲು ಕೂಡುವುದಿಲ್ಲ, ಗಂಡಿನ ಕಣ್ಣೀರು ಕುಡಿದು ಹೆಣ್ಣು ಬಸಿರಾಗುತ್ತದೆ ಅಂತ ಹೇಳುವುದನ್ನು ಕೇಳಿದ್ದೇನೆ. ಸಣ್ಣವನಿದ್ದಾಗ ಪ್ರವಚನದಲ್ಲೂ ಕೇಳಿದ್ದೆ. ಹೇಗೆ ಅಂತ ತಿಳಿಸಿರಿ.

ಹಡಪ್ಸರ್ ನವಿಲುಗರಿ, ಪುಣೆ
ಜುಲೈ 10

ಇಲ್ಲ ಅಣ್ಣ. ಕೋಳಿ ಹೇಗೋ ನವಿಲೂ ಹಾಗೇ. ಗಂಡು ಹೆಣ್ಣಿನ ಬೆನ್ನೇರುತ್ತದೆ, ಕೆಲವೇ ಸೆಕೆಂಡುಗಳಲ್ಲಿ ಮುಗಿಯುತ್ತದೆ. ಚಿಂಚೋಳಿಯಲ್ಲಿ ನಾನೇ ಎರಡು ಸಲ ಕಂಡಿದ್ದೇನೆ. ಅಷ್ಟು ಬೇಗ ಮುಗಿಯುವುದರಿಂದ ಹೆಚ್ಚಿನವರ ಕಣ್ಣಿಗೆ ಬಿದ್ದಿಲ್ಲ.

ಮುಲುಂಡ್ ಕುಂದಾಪುರ
ಜುಲೈ 11

ನವಿಲಿನ ಮಾತು ಬಂದರೆ ನನಗೆ ಕೆಂಬೂತದ ನೆನಪು. ನವಿಲು ನೋಡಿ ಕೆಂಬೂತ ಪುಕ್ಕ ಕೆದರಿದಂತೆ ಅಂತ ಗಾದೆ. ಶಾಲೆಯಲ್ಲಿ ಮೇಷ್ಟ್ರು ನನಗೇ ಎಷ್ಟು ಸಲ ಹೇಳಿದ್ದಾರೋ. ಆ ಹಕ್ಕಿಯನ್ನು ನೋಡಿದ ಮೇಲೆ ಗಾದೆ ಅನ್ಯಾಯದ್ದು ಅನ್ನಿಸಿತು.

ನಮ್ಮ ಸೊಸೈಟಿ ಹಿಂದೆ ಬೋರಿವಲಿ ಕಾಡಿನ ಅಂಚು. ಏಪ್ರಿಲ್‌ನಲ್ಲಿ ಒಂದು ಜೋಡಿ ಕೆಂಬೂತ ಇತ್ತು. ಗಂಡು ಹೆಣ್ಣನ್ನು ನೆಲದ ಮೇಲೇ ಓಡಿಸಿಕೊಂಡು ಹೋಯಿತು, ಪೊದೆಯಿಂದ ಪೊದೆಗೆ. ಆಮೇಲೆ ಕಾಣೆಯಾಯಿತು. ಬಂದಾಗ ಕೊಕ್ಕಲ್ಲಿ ಒಂದು ಹಲ್ಲಿ. ಹೆಣ್ಣು ಬಾಲ ಕೆಳಗೆ ಮಾಡಿ, ರೆಕ್ಕೆ ಜೋಲು ಬಿಟ್ಟು ನಿಂತಿತು. ಅದೇ ಒಪ್ಪಿಗೆ. ಕೆಂಬೂತ ಯಾರನ್ನೂ ನೋಡಿ ಪುಕ್ಕ ಕೆದರುವುದಿಲ್ಲ. ಊಟ ತಂದುಕೊಡುತ್ತದೆ. ಅದೂ ಒಂದು ಕಲೆ ಅಂತ ನಾನು ಲೆಕ್ಕ ಹಾಕುತ್ತೇನೆ.

ವಾಸ್ಕೋ ಬಾಗಲಕೋಟಿ, ಗೋವಾ
ಜುಲೈ 12

ಎಲ್ಲರೂ ಗಂಡು ಕುಣಿಯುತ್ತದೆ, ಹೆಣ್ಣು ಆರಿಸುತ್ತದೆ ಅನ್ನುತ್ತಿದ್ದೀರಿ. ನಾನು ಉಲ್ಟಾ ಕಂಡಿದ್ದೇನೆ ನೋಡ್ರಿ.

ಹಳೇ ಗೋವಾ ಹತ್ತಿರ ಕರಮಳಿ ಸ್ಟೇಷನ್ ಪಕ್ಕ ದೊಡ್ಡ ಕೆರೆ ಇದೆ. ರಜೆ ಇದ್ದಾಗ ಬೈಕ್ ತೆಗೆದುಕೊಂಡು ಹೋಗುತ್ತೇನೆ. ಅಲ್ಲಿ ಎಲೆಗಳ ಮೇಲೆ ನಡೆಯುವ ಹಕ್ಕಿ ಇದೆ, ಜಕಾನ. ನಮ್ಮಲ್ಲಿ ದೇವನಕ್ಕಿ ಅಂತಾರೆ. ಕಾಲಬೆರಳು ಗೇಣುದ್ದ ಅನ್ನಿಸುವಷ್ಟು. ಕಂಚಿನ ಬಣ್ಣದ ರೆಕ್ಕೆಯ ಜಾತಿಯಲ್ಲಿ ಹೆಣ್ಣೇ ದೊಡ್ಡದು. ಹೆಣ್ಣೇ ಜಾಗ ಹಿಡಿದು ಇನ್ನೊಂದು ಹೆಣ್ಣಿನ ಜೊತೆ ಜಗಳಕ್ಕೆ ನಿಲ್ಲುತ್ತದೆ. ಒಂದು ಹೆಣ್ಣಿನ ಜಾಗದೊಳಗೆ ಮೂರು ನಾಲ್ಕು ಗಂಡು ಇರಬಹುದು. ಅದು ಮೊಟ್ಟೆ ಇಟ್ಟು ಹೋಗುತ್ತದೆ. ಕಾವು, ಮರಿ ಸಾಕುವುದು ಎಲ್ಲ ಗಂಡಿನ ಕೆಲಸ. ಕಳೆದ ಆಗಸ್ಟಿನಲ್ಲಿ ಒಂದು ಗಂಡಿಗೆ ಎಂಟು ಕಾಲು ಕಂಡವು, ಗಾಬರಿ ಆಯಿತು. ಆಮೇಲೆ ತಿಳಿಯಿತು, ಮಳೆ ಬಂತು ಅಂತ ಮೂರು ಮರಿಗಳನ್ನು ಎರಡೂ ರೆಕ್ಕೆಯ ಕೆಳಗೆ ಅವುಚಿಕೊಂಡಿತ್ತು. ಮರಿಗಳ ಕಾಲು ಹೊರಗೆ ಜೋತಾಡುತ್ತಿದ್ದವು.

ನನ್ನ ಹೆಂಡತಿಗೆ ಅದರ ವಿಡಿಯೋ ತೋರಿಸಿದೆ. ಅವಳು ಹತ್ತು ಸಲ ನೋಡಿದಳು.

ನೆರೂಳ್ ನೀರಂಚು
ಜುಲೈ 13

ವಾಸ್ಕೋದವರು ಹೇಳಿದ್ದಕ್ಕೆ ಇನ್ನೊಂದು ಸೇರಿಸುತ್ತೇನೆ. ಗಂಡೂ ಹೆಣ್ಣೂ ಒಟ್ಟಿಗೆ ಕುಣಿಯುವ ಹಕ್ಕಿ ನಮ್ಮ ಮನೆ ಎದುರೇ ಇದೆ, ರಾಜಹಂಸ. ಫ್ಲೆಮಿಂಗೋ ಅಂದರೆ ಎಲ್ಲರಿಗೂ ಗೊತ್ತಾಗುತ್ತದೆ. ನಮ್ಮ ಕಡೆ ಚಳಿಗಾಲದಿಂದ ಮೇವರೆಗೆ ಇರುತ್ತವೆ. ಹೆಚ್ಚಿನವು ಚಿಕ್ಕ ಜಾತಿಯವು. ಠಾಣೆ ಖಾಡಿಯನ್ನು 2015ರಲ್ಲಿ ಫ್ಲೆಮಿಂಗೋ ಅಭಯಾರಣ್ಯ ಮಾಡಿದರು, 2022ರಲ್ಲಿ ಜಗತ್ತಿನ ಮುಖ್ಯ ಜೌಗು ಪ್ರದೇಶಗಳ ರಾಮ್ಸಾರ್ ಪಟ್ಟಿಗೂ ಸೇರಿತು.

ಏಪ್ರಿಲ್, ಮೇ ಬಂತೆಂದರೆ ಮೆರವಣಿಗೆ ಶುರು. ನೂರಾರು ಹಕ್ಕಿಗಳು ಒತ್ತೊತ್ತಾಗಿ ನಿಂತು, ಕುತ್ತಿಗೆ ನೆಟ್ಟಗೆ ಮಾಡಿ, ಒಂದು ದಿಕ್ಕಿಗೆ ಸರಸರ ನಡೆಯುತ್ತವೆ. ಇದ್ದಕ್ಕಿದ್ದಂತೆ ಎಲ್ಲವೂ ಒಟ್ಟಿಗೆ ತಿರುಗುತ್ತವೆ. ತಲೆಯನ್ನು ಎಡಕ್ಕೂ ಬಲಕ್ಕೂ ಚಕಚಕ ಆಡಿಸುತ್ತವೆ. ಒಂದು ರೆಕ್ಕೆ ಬಿಚ್ಚಿದರೆ ಒಳಗಿನ ಕೆಂಪು, ಕಪ್ಪು ಛಕ್ ಅಂತ ಕಾಣುತ್ತದೆ. ಅಲ್ಲಿ ಯಾವುದು ಗಂಡು, ಯಾವುದು ಹೆಣ್ಣು ಅಂತ ದೂರದಿಂದ ಹೇಳಲು ಆಗುವುದಿಲ್ಲ. ಮೊಟ್ಟೆ ಇಡುವುದು ಇಲ್ಲಲ್ಲ, ಗುಜರಾತಿನ ಕಛ್ ಕಡೆಯ ಉಪ್ಪು ಬಯಲಲ್ಲಿ. ಕುಣಿತ ಮಾತ್ರ ಇಲ್ಲಿಂದಲೇ ಆರಂಭ.

ಖಾಡಿ ದಂಡೆ ಅವರೇ, ನಿಮ್ಮ ಪ್ರಶ್ನೆಗೆ ಹೊಂದುವ ಒಂದು ವಿಷಯ. ದೊಡ್ಡ ಜಾತಿಯ ಫ್ಲೆಮಿಂಗೋಗಳು ಕುಣಿತದ ಕಾಲದಲ್ಲಿ ಬಾಲದ ಬುಡದ ಗ್ರಂಥಿಯಿಂದ ಬರುವ ಬಣ್ಣದ ಎಣ್ಣೆಯನ್ನು ಕೆನ್ನೆಯಿಂದ ಕುತ್ತಿಗೆ, ಎದೆ, ಬೆನ್ನಿಗೆ ಉಜ್ಜಿಕೊಂಡು ಗುಲಾಬಿ ಬಣ್ಣ ಗಾಢ ಮಾಡಿಕೊಳ್ಳುತ್ತವೆ ಅಂತ ಸ್ಪೇನಿನ ಸಂಶೋಧಕರು 2011ರಲ್ಲಿ ಬರೆದಿದ್ದಾರೆ. ಹೆಣ್ಣುಗಳು ಗಂಡುಗಳಿಗಿಂತ ಹೆಚ್ಚು ಸಲ ಹಚ್ಚಿಕೊಳ್ಳುತ್ತವಂತೆ. ಅಂದರೆ ಅಲ್ಲಿ ಗಂಡೂ ನೋಡುತ್ತದೆ, ಆರಿಸುತ್ತದೆ.

ಕೋಥ್ರೂಡ್ ಮೇಷ್ಟ್ರು, ಪುಣೆ
ಜುಲೈ 14

ಎಲ್ಲರ ಬರಹ ಓದಿ ತರಗತಿಗೆ ಮರಳಿದ ಹಾಗಾಯಿತು. ಹೆಣ್ಣಿನ ಕಣ್ಣೇ ಮುಖ್ಯ ಅಂತ ಮೊದಲು ಗಟ್ಟಿಯಾಗಿ ಹೇಳಿದವರು ಡಾರ್ವಿನ್. ನವಿಲುಗರಿ ಕಂಡರೆ ತಲೆ ಕೆಡುತ್ತದೆ ಎಂಬ ಅರ್ಥದಲ್ಲಿ 1860ರಲ್ಲಿ ಗೆಳೆಯರೊಬ್ಬರಿಗೆ ಕಾಗದ ಬರೆದಿದ್ದರು. ಹುಲಿಯಿಂದ ತಪ್ಪಿಸಿಕೊಳ್ಳಲು ಅಡ್ಡಿಯಾಗುವ ಆ ಗರಿ ಯಾಕೆ ಉಳಿಯಿತು? 1871ರಲ್ಲಿ ಉತ್ತರ ಕೊಟ್ಟರು: ಹೆಣ್ಣಿಗೆ ಅದು ಇಷ್ಟ, ಅದಕ್ಕೆ. ಜೊತೆಗಾರ ವಾಲೆಸ್ ಒಪ್ಪಲಿಲ್ಲ. ಹಕ್ಕಿಗೆ ಅಂಥ ರುಚಿ ಇರುತ್ತದೆಯೇ ಅನ್ನುವುದು ಅವರ ಅನುಮಾನ.

ನೂರಕ್ಕೂ ಹೆಚ್ಚು ವರ್ಷ ಕಳೆದ ಮೇಲೆ ಮಾಲ್ಟೆ ಆಂಡರ್ಸನ್ ಎಂಬ ಸ್ವೀಡನ್ನಿನ ವಿಜ್ಞಾನಿ ಕತ್ತರಿ, ಗೋಂದು ಹಿಡಿದು ಕೀನ್ಯಾದ ಹುಲ್ಲುಗಾವಲಿಗೆ ಹೋದರು. ಅಲ್ಲಿ ಗೀಜಗದ ನೆಂಟ ಹಕ್ಕಿಯೊಂದಿದೆ, ಉದ್ದಬಾಲದ ವಿಡೋಬರ್ಡ್. ಕರಿ ಗಂಡಿಗೆ ಅರ್ಧ ಮೀಟರ್ ಬಾಲ. ಕೆಲವು ಗಂಡುಗಳ ಬಾಲ ಕತ್ತರಿಸಿ, ಆ ತುಂಡನ್ನು ಬೇರೆ ಗಂಡುಗಳ ಬಾಲಕ್ಕೆ ಅಂಟಿಸಿದರು. ಇನ್ನು ಕೆಲವಕ್ಕೆ ಕತ್ತರಿಸಿ ಅದೇ ತುಂಡನ್ನು ಮತ್ತೆ ಅಂಟಿಸಿದರು, ಗೋಂದಿನಿಂದಲೇ ವ್ಯತ್ಯಾಸ ಆಗುತ್ತದೆಯೋ ಅಂತ ತಿಳಿಯಲು. ಬಾಲ ಉದ್ದವಾದ ಗಂಡುಗಳ ಜಾಗದಲ್ಲೇ ಹೆಣ್ಣುಗಳ ಹೊಸ ಗೂಡು ಹೆಚ್ಚಾದವು. 1982ರಲ್ಲಿ ಇದು ಪ್ರಕಟವಾಯಿತು. ಪಾಠದಲ್ಲಿ ಇದನ್ನು ಹೇಳುವಾಗ ಹಿಂದಿನ ಬೆಂಚಿನವರೂ ತಲೆ ಎತ್ತುತ್ತಿದ್ದರು.

ನವಿಲಿನಲ್ಲಿ ಮಾತ್ರ ಜಗಳ ಮುಗಿದಿಲ್ಲ. ಕಣ್ಣಿನ ಗುರುತು ಹೆಚ್ಚಿದ್ದ ಗಂಡುಗಳಿಗೆ ಹೆಣ್ಣು ಹೆಚ್ಚು ಅಂತ ಇಂಗ್ಲೆಂಡಿನಲ್ಲಿ ಮರಿಯನ್ ಪೆಟ್ರಿ ಕಂಡರು. ಜಪಾನಿನ ತಕಹಾಶಿ ಮತ್ತು ಜೊತೆಗಾರರು ಏಳು ವರ್ಷ ನೋಡಿ, ಅಂಥದ್ದೇನೂ ಕಾಣಲಿಲ್ಲ ಅಂತ 2008ರಲ್ಲಿ ಬರೆದರು. ನನ್ನ ಅಭಿಪ್ರಾಯ ಕೇಳಿದರೆ, ಇದೆಲ್ಲ ಆರೋಗ್ಯದ ಪರೀಕ್ಷೆ. ಹುಳುಬಾಧೆ ಇರುವ ಗಂಡು ಹೊಳೆಯುವ ಗರಿ ಬೆಳೆಸಲಾರದು, ದಿನವೆಲ್ಲ ಕುಣಿಯಲಾರದು. ಹೆಣ್ಣು ಅದನ್ನೇ ಅಳೆಯುತ್ತದೆ.

ಖಾಡಿ ದಂಡೆ, ಡೊಂಬಿವಲಿ
ಜುಲೈ 14

ಮೇಷ್ಟ್ರೇ, ನಿಮ್ಮ ಕೊನೆಯ ಮಾತು ಪೂರ್ತಿ ಒಪ್ಪಲು ನನಗೆ ಆಗುತ್ತಿಲ್ಲ. ಹುಲ್ಲಿನ ಎಳೆ ಜಗ್ಗಿ ನೋಡಿದ ಆ ಹೆಣ್ಣು ಗಂಡಿನ ಆರೋಗ್ಯಕ್ಕಿಂತ ಮನೆಯ ಗಟ್ಟಿತನ ನೋಡುತ್ತಿತ್ತು. ಪಾರಿವಾಳ ಸ್ವಭಾವ ನೋಡಿತು, ಕೆಂಬೂತ ಊಟ ನೋಡಿತು. ಎಲ್ಲಕ್ಕೂ ಒಂದೇ ಅಳತೆಗೋಲು ಹಾಕಿದರೆ ನಾವು ಹೋಗಿ ನೋಡುವುದನ್ನೇ ಬಿಟ್ಟುಬಿಡುತ್ತೇವೆ ಅನ್ನುವ ಭಯ ನನಗೆ.

ಕೋಥ್ರೂಡ್ ಮೇಷ್ಟ್ರು, ಪುಣೆ
ಜುಲೈ 14

ಸರಿಯಾದ ಮಾತು, ಮೇಡಂ. ಒಪ್ಪಿದೆ.

ಸಾಸ್ವಡ್ ಮಾಳ, ಪುಣೆ
ಜುಲೈ 17

ನಾಲ್ಕು ದಿನ ಊರಲ್ಲಿರಲಿಲ್ಲ, ಈಗ ಓದಿದೆ. ಮರವೂ ಇಲ್ಲದ, ಕೆರೆಯೂ ಇಲ್ಲದ ಕಡೆ ಹಕ್ಕಿ ಏನು ಮಾಡುತ್ತದೆ ಅಂತ ಹೇಳುತ್ತೇನೆ. ಸಾಸ್ವಡ್ ಸುತ್ತಿನ ಮಾಳದಲ್ಲಿ ನಿಂತರೆ ಕಣ್ಣಿಗೆ ಸಿಗುವುದು ಹುಲ್ಲು, ಕಲ್ಲು, ಆಕಾಶ. ಮರದ ಕೊಂಬೆ ಇಲ್ಲದ ಹಕ್ಕಿಗೆ ಆಕಾಶವೇ ರಂಗಸ್ಥಳ.

ನೆಲಗುಬ್ಬಿ ಅಂತ ಗುಬ್ಬಿಗಿಂತ ಚಿಕ್ಕ ಹಕ್ಕಿ. ಗಂಡಿನ ಹೊಟ್ಟೆ ಕಪ್ಪು, ನೆತ್ತಿ ಬೂದು. ರೆಕ್ಕೆ ಪಟಪಟ ಬಡಿಯುತ್ತಾ ನೇರ ಮೇಲೆ ಏರುತ್ತದೆ. ರೆಕ್ಕೆ ಮಡಚಿ ಕಲ್ಲಿನ ಹಾಗೆ ಬೀಳುತ್ತದೆ. ನೆಲಕ್ಕೆ ಬಡಿಯಿತು ಅನ್ನುವಷ್ಟರಲ್ಲಿ ಮತ್ತೆ ಮೇಲೆ. ಹೀಗೆ ಮೆಟ್ಟಿಲು ಮೆಟ್ಟಿಲಾಗಿ. ಇಲ್ಲಿನ ಮರಾಠಿ ಪಕ್ಷಿಪ್ರಿಯರು ಇದಕ್ಕೆ ಡೊಂಬಾರಿ ಅಂತಾರೆ. ನಮ್ಮ ದೊಂಬರಾಟದ ದೊಂಬರೇ. ಅದೇ ಮಾಳದ ಕರೆಂಟ್ ತಂತಿಯಿಂದ ಏಪ್ರಿಲ್‌ನಲ್ಲಿ ನೀಲಕಂಠ ಮೇಲೇರಿ, ಕಿರುಚುತ್ತಾ, ಎಡಕ್ಕೂ ಬಲಕ್ಕೂ ಹೊರಳುತ್ತಾ ಇಳಿಯುತ್ತದೆ. ನಮ್ಮ ಕರ್ನಾಟಕದ ರಾಜ್ಯಪಕ್ಷಿ. ಕೂತಾಗ ಮಣ್ಣಿನ ಬಣ್ಣ ಜಾಸ್ತಿ, ರೆಕ್ಕೆ ಬಿಚ್ಚಿದರೆ ನೀಲಿ. ಆ ಹೊರಳಾಟದಿಂದಲೇ ಅದಕ್ಕೆ ಇಂಗ್ಲಿಷಿನಲ್ಲಿ ರೋಲರ್ ಅಂತ ಹೆಸರು.

ನನಗೆ ನೋವಾಗುವುದು ತಣಮೋರ್ ನೆನೆದರೆ. ಹುಲ್ಲಿನ ನವಿಲು ಅಂತ ಅರ್ಥ, ಇಂಗ್ಲಿಷಿನಲ್ಲಿ ಲೆಸ್ಸರ್ ಫ್ಲೋರಿಕನ್. ಮಳೆಗಾಲದಲ್ಲಿ ಆಳೆತ್ತರದ ಹುಲ್ಲಲ್ಲಿ ಗಂಡು ಕಾಣುವುದಿಲ್ಲ. ಅದಕ್ಕೆ ಜಿಗಿಯುತ್ತದೆ. ಹುಲ್ಲಿನ ಮೇಲೆ ಒಂದು ಕ್ಷಣ ಕಪ್ಪು ಬಿಳುಪು ಮಿಂಚಿ ಮತ್ತೆ ಒಳಗೆ. ದಿನಕ್ಕೆ ನಾನೂರು ಐನೂರು ಸಲ! ರಾಜಸ್ಥಾನದ ಅಜ್ಮೀರ್ ಕಡೆ ಒಮ್ಮೆ ಹೋಗಿ ಕಂಡಿದ್ದೇನೆ. ಹೆಣ್ಣು ಎಲ್ಲಿತ್ತೋ ಕಾಣಲೇ ಇಲ್ಲ, ಆದರೆ ಹುಲ್ಲಲ್ಲಿ ಎಲ್ಲೋ ನಿಂತು ಎಣಿಸುತ್ತಿತ್ತು ಅಂತ ನನ್ನ ನಂಬಿಕೆ. ಕುಣಿಯುವಾಗಲೇ ಬೇಟೆಗಾರರಿಗೆ ಸುಲಭವಾಗಿ ಸಿಕ್ಕಿತು. ಉಳಿದ ಹುಲ್ಲುಗಾವಲಿಗೆ ಬೀಳು ಭೂಮಿ ಅಂತ ಹೆಸರಿಟ್ಟು ಉತ್ತು, ಕಟ್ಟಿ ಮುಗಿಸಿದೆವು. ಸೊಲ್ಲಾಪುರದ ಹತ್ತಿರ ನಾನ್ನಜ್‌ನಲ್ಲಿ ಎರ್ಲಡ್ಡು (ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್) ಹಕ್ಕಿಗೆಂದೇ 1979ರಲ್ಲಿ ಅಭಯಾರಣ್ಯ ಮಾಡಿದರು. ಗಂಡು ಕತ್ತಿನ ಚೀಲವನ್ನು ಮೊಣಕಾಲವರೆಗೆ ಇಳಿಬಿಟ್ಟು ಗುಡುಗುಡು ಅನ್ನುವುದನ್ನು ನಮ್ಮ ತಂದೆ ಅಲ್ಲಿ ಕೇಳಿದ್ದರು. ಈಗ ದೇಶದಲ್ಲೆಲ್ಲ ಸೇರಿ ಕಾಡಲ್ಲಿ ಉಳಿದಿರುವುದು ನೂರೈವತ್ತರ ಒಳಗೆ, ಬಹುತೇಕ ರಾಜಸ್ಥಾನದಲ್ಲಿ. ಕರೆದರೂ ಕೇಳಿಸಿಕೊಳ್ಳಲು ಹೆಣ್ಣೇ ಇಲ್ಲದಿದ್ದರೆ?

ಸಾಸ್ವಡ್ ಮಾಳದಲ್ಲೂ ಪ್ಲಾಟಿನ ಕಲ್ಲು ನೆಡುತ್ತಿದ್ದಾರೆ. ದಯವಿಟ್ಟು ಅದನ್ನು ಪಾಳು ಜಾಗ ಅನ್ನಬೇಡಿ. ಇಷ್ಟೇ ನನ್ನ ಬೇಡಿಕೆ.

ಕ್ಯಾಮೆರಾ ಕಣ್ಣು, ಠಾಣೆ
ಜುಲೈ 19

ಬಹಳ ದಿನದಿಂದ ಹೇಳಬೇಕೆಂದಿದ್ದೆ. ಮೂರು ವರ್ಷದ ಹಿಂದೆ ಜೂನ್‌ನಲ್ಲಿ ನವರಂಗದ ಫೋಟೋಗೆ ಹೋಗಿದ್ದೆ. ಮಳೆ ಶುರುವಾಗುವಾಗ ಕೊಂಕಣದ ಕಾಡಿಗೆ ಬರುವ ಹಕ್ಕಿ, ಎರಡು ಸ್ವರದ ಸೀಟಿ ಹೊಡೆಯುತ್ತದೆ. ಮೊಬೈಲಿಗೆ ಚಿಕ್ಕ ಸ್ಪೀಕರ್ ಜೋಡಿಸಿ ಅದೇ ಸೀಟಿ ಹಾಕಿದೆ. ಗಂಡು ಎರಡೇ ನಿಮಿಷದಲ್ಲಿ ಬಂತು. ಕೊಂಬೆಯಿಂದ ಕೊಂಬೆಗೆ ಹಾರಿ, ತಲೆ ಹಿಂದೆ ಎಸೆದು ಕೂಗಿತು. ನಾನು ನಿಲ್ಲಿಸಲಿಲ್ಲ. ನಲವತ್ತು ನಿಮಿಷ. ಅದು ಒಂದು ಹುಳವನ್ನೂ ತಿನ್ನಲಿಲ್ಲ, ಇಲ್ಲದ ಶತ್ರುವನ್ನು ಹುಡುಕುತ್ತಿತ್ತು. ಫೋಟೋ ಚೆನ್ನಾಗಿ ಬಂತು, ತುಂಬ ಜನ ಮೆಚ್ಚಿದರು.

ಆ ನಲವತ್ತು ನಿಮಿಷದಲ್ಲಿ ಹೆಣ್ಣೊಂದು ಬಂದಿದ್ದರೆ ಆ ಗಂಡಿಗೆ ಅದು ಕಾಣುತ್ತಿತ್ತೇ? ಈ ಚರ್ಚೆ ಓದುವಾಗ ಆ ಪ್ರಶ್ನೆ ಬಂತು. ಸ್ಪೀಕರ್ ಬಿಟ್ಟು ಎರಡು ವರ್ಷವಾಯಿತು. ಗೀಜಗದ ಗೂಡಿಗೆ ಹತ್ತಿರ ಹೋಗಬೇಕೆನ್ನುವವರು ಕನಿಷ್ಠ ಮೂವತ್ತು ಹೆಜ್ಜೆ ದೂರ ನಿಲ್ಲಿ. ನಾವು ಹತ್ತಿರ ಇದ್ದರೆ ಹೆಣ್ಣುಗಳೇ ಮೊದಲು ಹಾರಿ ಹೋಗುತ್ತವೆ. ಗಂಡು ಗೂಡು ಬಿಡುವುದಿಲ್ಲ, ಹಾಗಾಗಿ ತೊಂದರೆಯಾಗಿಲ್ಲ ಅಂತ ನಮಗೆ ಅನ್ನಿಸುತ್ತದೆ.

ಮಾಟುಂಗಾ ಅಡುಗೆಮನೆ
ಜುಲೈ 19

ಇಷ್ಟು ಬಿಚ್ಚಿ ಹೇಳಿದ್ದಕ್ಕೆ ಧನ್ಯವಾದ, ತಮ್ಮ.

ಖಾಡಿ ದಂಡೆ, ಡೊಂಬಿವಲಿ
ಜುಲೈ 29

ಸುದ್ದಿ ಇದೆ. ಪುಷ್ಯ ಮಳೆಯ ಗಾಳಿಗೆ ಪಶ್ಚಿಮದ ಎರಡೂ ಗೂಡು ಬಿದ್ದವು. ನಾಲ್ಕು ಸಲ ಬೇಡ ಅನ್ನಿಸಿಕೊಂಡದ್ದು ಕೆಸರಲ್ಲಿ ಸಿಕ್ಕಿತು. ಎತ್ತಿ ನೋಡಿದೆ. ನೇಯ್ಗೆಯಲ್ಲಿ ಒಂದು ತಪ್ಪಿರಲಿಲ್ಲ. ಎಲೆಯ ತುದಿಗೆ ಕಟ್ಟಿದ ಗಂಟು ಕೂಡ ಹಾಗೇ ಇತ್ತು. ಎಲೆಯೇ ಮುರಿದು ಬಂದಿತ್ತು.

ಅದರ ಗಂಡು ಮೂರು ದಿನ ಕಾಣಲಿಲ್ಲ. ಬಲಗಡೆ ನೆತ್ತಿಯಲ್ಲಿ ಒಂದು ಗರಿ ಕಿತ್ತುಹೋದ ಗುರುತಿದೆ, ಅದರಿಂದ ಗುರುತು ಹಿಡಿಯುತ್ತೇನೆ. ಈ ಸಲ ಅದೇ ಮರದ ಪೂರ್ವಕ್ಕೆ, ನೀರಿನ ಮೇಲೆ ಬಾಗಿದ ಈಚಲ ಗರಿಯಲ್ಲಿ ಹೊಸ ಗೂಡು ಶುರು ಮಾಡಿತು. ಮಾಟುಂಗಾದ ಅಕ್ಕ ಭಾನುವಾರ ಬಂದಿದ್ದರು, ವಾಸ್ಕೋದ ತಮ್ಮನೂ ತಂಗಿಯನ್ನು ಕರೆತಂದಿದ್ದ. ಮೂವತ್ತು ಹೆಜ್ಜೆ ದೂರದಲ್ಲಿ ಕೊಡೆ ಹಿಡಿದು ಸಾಲಾಗಿ ನಿಂತಿದ್ದೆವು. ಒಂದು ಹೆಣ್ಣು ಬಂತು, ಪಟ್ಟಿಯ ಮೇಲೆ ಕೂತಿತು. ಎಳೆ ಜಗ್ಗಿತು. ನಾವು ಯಾರೂ ಉಸಿರು ಬಿಡಲಿಲ್ಲ. ಹೋಯಿತು. ಹತ್ತು ನಿಮಿಷಕ್ಕೆ ಮತ್ತೆ ಬಂತು, ಕೊಕ್ಕಲ್ಲಿ ಏನೋ ಮೆತ್ತನೆಯದ್ದು ಹಿಡಿದುಕೊಂಡು ಒಳಗೆ ಹೋಯಿತು.

ಇವತ್ತು ಬೆಳಿಗ್ಗೆ ನೋಡಿದೆ. ಕೊಳವೆ ನಾಲ್ಕು ಬೆರಳು ಇಳಿದಿದೆ.